ವಾಕಿಂಗ್ ಯಜಮಾನ್ರಿಗೆ ಥ್ಯಾಂಕ್ಸ್

ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಹತ್ರ ಮಂಕಿ ಕ್ಯಾಪ್ ಹಾಕ್ಕೊಂಡು ವಾಕಿಂಗ್ ಬಂದಿದ್ದ ಯಜಮಾನ್ರೇ, ಹೆಸ್ರು ಕೇಳೋಕಾಗ್ಲಿಲ್ಲ, ತುಂಬಾ ಥ್ಯಾಂಕ್ಸ್. ನಾವು ಮನೆಮಂದಿಯೆಲ್ಲಾ ಮೊಬೈಲ್ ಹಿಡ್ಕೊಂಡು ಪೊದೆ ಇಣುಕ್ತಿದ್ರೆ ಬೇರೆಯವ್ರು ಪಾಪ ಏನೋ ಕಳ್ಕೊಂಡಿದಾರೆ ಅಂತ ನೋಡ್ಕೊಂಡ್ ಹೋದ್ರು, ನೀವು ಮಾತ್ರ ನಿಂತು ಜಿಯೋಕ್ಯಾಶಿಂಗ್ ಅಂದ್ರೇನು ಅಂತ ಕೇಳಿದ್ರಿ. ಯಾರೋ ಬಚ್ಚಿಟ್ಟ ಡಬ್ಬಿನ ಜಿಪಿಎಸ್ ನೋಡ್ಕೊಂಡು ಹುಡುಕೋ ಆಟ ಅಂದ್ವಿ. 2000ದ ಮೇ ತಿಂಗಳಲ್ಲಿ ಅಮೆರಿಕದವ್ರು ಜಿಪಿಎಸ್ ಸಿಗ್ನಲ್‌ನ ಬೇಕಂತಲೇ ಕೆಡಿಸೋದು ನಿಲ್ಲಿಸಿದ್ರು, ಜಾಗ ಸರಿಯಾಗಿ ಗೊತ್ತಾಗೋಕೆ ಶುರುವಾಯ್ತು, ಮಾರನೇ ದಿನಾನೇ ಅಲ್ಲಿನ ಒರೆಗಾನ್‌ನಲ್ಲಿ ಒಬ್ರು ಬಕೆಟ್ ಬಚ್ಚಿಟ್ರು, ಆಟ ಅಲ್ಲಿಂದ ಶುರು ಅಂದಾಗ ನಿಮ್ ಮುಖ ನೋಡ್ಬೇಕಿತ್ತು! ಮರಗಳ ಕೆಳಗೆ ಜಿಪಿಎಸ್ ಆಚೀಚೆ ತೋರ್ಸುತ್ತಲ್ಲ, ಆಗ "ದಿನಾ ನೋಡ್ತೀನಿ, ಆ ಕಲ್ಲು ಹೊಸದಾಗಿ ಇಟ್ಟಂಗಿದೆ" ಅಂದ್ರಿ ನೋಡಿ, ಡಬ್ಬಿ ಅಲ್ಲೇ. (ಯಾವ ಕಲ್ಲು ಅಂತ ಬರೆಯಲ್ಲ, ಮುಂದಿನವ್ರೂ ಹುಡುಕ್ಲಿ.) ಲಾಗ್‌ಬುಕ್ಕಲ್ಲಿ (ಡಬ್ಬಿ ಸಿಕ್ಕವ್ರು ಹೆಸ್ರು ಬರೆಯೋ ಪುಸ್ತಕ) ಮಗಳು ನಮ್ ಹೆಸ್ರಿನ ಜೊತೆ 'ವಾಕಿಂಗ್ ತಾತ' ಅಂತಾನೂ ಬರ್ದಿದಾಳೆ, ಡಬ್ಬಿ ಇರೋ ಜಾಗ ನೀವೂ ದಯವಿಟ್ಟು ಯಾರ್ಗೂ ಹೇಳ್ಬೇಡಿ ಸರ್.