ನೋರ್ಚಾದ ಗಿಡ್ಡ ಮನೆಗಳ ಬಗ್ಗೆ ಒಂದು ಸಾಲೂ ಇಲ್ಲವೇ?

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ಇಟಲಿಯ ನೋರ್ಚಾ ಬಗ್ಗೆ ಬಂದ ಬರಹ ಓದಿದೆ. ಸಂತ ಬೆನೆಡಿಕ್ಟ್ ಹುಟ್ಟಿದ ಊರು, 2016ರ ಭೂಕಂಪಕ್ಕೆ ಅವರ ಹೆಸರಿನ ಚರ್ಚ್ ಕುಸಿಯಿತು, ಕಪ್ಪು ಟ್ರಫಲ್ ಅಣಬೆ ಸಿಗುತ್ತದೆ, ಅಷ್ಟಕ್ಕೇ ಮುಗಿಯಿತು. ತಪ್ಪೇನೂ ಬರೆದಿಲ್ಲ. ಆದರೆ ಆ ಚರ್ಚಿನ ಹಿಂದಿನ ಓಣಿಗಳಲ್ಲಿರುವ ಮನೆಗಳ ಬಗ್ಗೆ ಒಂದು ಮಾತೂ ಇಲ್ಲ. ನನ್ನ ತಕರಾರು ಅದೇ.

ನೋರ್ಚಾ ಇರೋದು ಉಂಬ್ರಿಯಾದ ಸಿಬಿಲ್ಲಿನಿ ಬೆಟ್ಟಗಳ ಬುಡದಲ್ಲಿ, ಸುಮಾರು 600 ಮೀಟರ್ ಎತ್ತರದಲ್ಲಿ. ಸುತ್ತ 14ನೇ ಶತಮಾನದ ಕೋಟೆಗೋಡೆ. ಜನಸಂಖ್ಯೆ ಐದು ಸಾವಿರವೂ ಇಲ್ಲ. ಭೂಮಿ ಮಾತ್ರ ಇವರನ್ನು ಸುಮ್ಮನೆ ಬಿಟ್ಟಿಲ್ಲ. 1703, 1730, 1859, 1979, ಹೀಗೆ ಬಿಟ್ಟೂ ಬಿಡದೆ ನಡುಗಿದೆ.

ಇದರಲ್ಲಿ 1859ರದ್ದು ಮುಖ್ಯ. ಆಗ ಈ ಊರು ಪೋಪ್ ಆಳ್ವಿಕೆಯಲ್ಲಿತ್ತು. ಏನಾಯಿತು ನೋಡಿಕೊಂಡು ಬನ್ನಿ ಅಂತ ರೋಮ್‌ನಿಂದ ಇಬ್ಬರನ್ನು ಕಳಿಸಿದರು. ಒಬ್ಬರು ವಾಸ್ತುಶಿಲ್ಪಿ ಲುಯಿಜಿ ಪೊಲೆತ್ತಿ. ಇನ್ನೊಬ್ಬರು ಆಂಜೆಲೊ ಸೆಕ್ಕಿ ಎಂಬ ಪಾದ್ರಿ, ನಕ್ಷತ್ರಗಳನ್ನು ಅವುಗಳ ಬೆಳಕಿನ ಮೇಲೆ ಗುಂಪು ಮಾಡಿದ ಖಗೋಳ ವಿಜ್ಞಾನಿ (ಆಕಾಶ ನೋಡುವವರನ್ನು ನೆಲ ನೋಡೋಕೆ ಕಳಿಸಿದ್ದು ತಮಾಷೆಯಾಗಿದೆ, ಅಲ್ವಾ?). ಮರುವರ್ಷವೇ ಮನೆ ಕಟ್ಟುವುದಕ್ಕೆ ನಿಯಮ ಬಂತು. ಎರಡು ಅಂತಸ್ತಿಗಿಂತ ಜಾಸ್ತಿ ಏರಿಸುವ ಹಾಗಿಲ್ಲ, ಎತ್ತರ ಎಂಟೂವರೆ ಮೀಟರ್ ದಾಟಬಾರದು, ಗೋಡೆ ದಪ್ಪ ಇರಬೇಕು, ಕಲ್ಲಿನ ಕಮಾನು ಚಾವಣಿ ನೆಲಮಾಳಿಗೆಗೆ ಮಾತ್ರ. ಇವತ್ತಿಗೂ ಅಲ್ಲಿನ ಓಣಿಯಲ್ಲಿ ನಡೆದರೆ ಕೆಲವು ಗೋಡೆಗಳ ಬುಡ ಬೀದಿಯ ಕಡೆಗೆ ಓರೆಯಾಗಿ ಚಾಚಿಕೊಂಡಿರುವುದು ಕಾಣುತ್ತದೆ, ಕಾಲು ಅಗಲಿಸಿ ನಿಂತ ಜಟ್ಟಿಯ ಹಾಗೆ.

2016ರ ಆಗಸ್ಟ್ 24ರಂದು ಬೆಳಗಿನ ಜಾವ ಮೂರೂವರೆ ಸುಮಾರಿಗೆ ಭೂಮಿ ನಡುಗಿದಾಗ ಜನ ಮನೆಯೊಳಗೇ ಮಲಗಿದ್ದರು. ಬೆಟ್ಟದ ಆಚೆಯ ಅಮಾತ್ರಿಚೆ ಮತ್ತು ಅಕ್ಕಪಕ್ಕದ ಊರುಗಳಲ್ಲಿ ಸುಮಾರು 300 ಜನ ಸತ್ತರು. ನೋರ್ಚಾದಲ್ಲಿ ಒಬ್ಬರೂ ಸಾಯಲಿಲ್ಲ. ಕಂಪನದ ಕೇಂದ್ರ ಅಮಾತ್ರಿಚೆಗೆ ಸ್ವಲ್ಪ ಹತ್ತಿರವಿತ್ತು, ನಿಜ. 1979ರ ನಂತರ ಮನೆಗಳನ್ನು ಮತ್ತೆ ಗಟ್ಟಿ ಮಾಡಿದ್ದೂ ಇದೆ, ಎಲ್ಲ ಹೆಗ್ಗಳಿಕೆಯನ್ನೂ ಹಳೇ ನಿಯಮಕ್ಕೇ ಕೊಡೋಕೆ ಆಗಲ್ಲ. ಆದರೂ ದೊಡ್ಡ ಮಾತೇ ತಾನೇ?

ಅಕ್ಟೋಬರ್ 30ರದ್ದು ಇನ್ನೂ ಜೋರು, 6.5ರ ತೀವ್ರತೆ. ಅಷ್ಟರಲ್ಲಿ ಬಹಳ ಜನ ಮನೆ ಬಿಟ್ಟು ಹೋಗಿದ್ದರಿಂದ ಜೀವ ಉಳಿಯಿತು. ಚರ್ಚಿನಲ್ಲಿ ಉಳಿದದ್ದು ಮುಂಭಾಗದ ಗೋಡೆ, ಅದರ ಗುಂಡು ಕಿಟಕಿ ಸಮೇತ. ಚೌಕದಲ್ಲಿರುವ ಬೆನೆಡಿಕ್ಟರ 1880ರ ವಿಗ್ರಹವೂ ಬೀಳಲಿಲ್ಲ. ನೋರ್ಚಾ ಆಡಳಿತಕ್ಕೇ ಸೇರಿದ, 1,452 ಮೀಟರ್ ಎತ್ತರದ ಕಾಸ್ತೆಲ್ಲೂಚ್ಚೊ ಮಾತ್ರ ಬಹುಪಾಲು ನೆಲಸಮವಾಯಿತು. ಬೇಸಿಗೆಯಲ್ಲಿ ಹೂ ಅರಳುವ ಬಯಲಿನ ಫೋಟೋಗಳಲ್ಲಿ ಗುಡ್ಡದ ತುದಿಯಲ್ಲಿ ಕಾಣುತ್ತಿದ್ದ ಹಳ್ಳಿ ಅದೇ.

ಇನ್ನೂ ಎರಡು ಬಿಟ್ಟುಹೋಗಿವೆ. ಚೌಕದಲ್ಲೇ ಇರುವ ಕಾಸ್ತೆಲ್ಲಿನಾ, 1554ರಲ್ಲಿ ವಾಸ್ತುಶಿಲ್ಪಿ ವಿನ್ಯೋಲ ರೂಪಿಸಿದ ಗಿಡ್ಡ ಕೋಟೆ, ನಾಲ್ಕು ಮೂಲೆಯಲ್ಲೂ ಓರೆ ಬುರುಜು. ಇನ್ನೊಂದು, ಚರ್ಚಿನ ಪಕ್ಕಕ್ಕೆ 16ನೇ ಶತಮಾನದಲ್ಲಿ ಕಟ್ಟಿದ ಮೊಗಸಾಲೆ. ಅಲ್ಲಿ ಕಾಳು ಅಳೆಯಲು ಬೇರೆ ಬೇರೆ ಗಾತ್ರದ ಕಲ್ಲಿನ ಅಳತೆಗಳಿದ್ದವು. ಸಂತೆಯಲ್ಲಿ ಅಳತೆ ಕಡಿಮೆ ಅಂತ ಯಾರಾದರೂ ಜಗಳ ತೆಗೆದರೆ ಅಲ್ಲೇ ಸುರಿದು ನೋಡಬಹುದಿತ್ತು.

ಮುಂದಿನ ಸಲ ಹಾಕುವಾಗ ಚರ್ಚಿನ ಅದೇ ಫೋಟೋ ಬೇಡ. ಓಣಿಯ ಒಂದು ಓರೆ ಗೋಡೆಯ ಫೋಟೋ ಹಾಕಿ, ಕೆಳಗೆ 1860ರ ನಿಯಮವನ್ನು ಎರಡು ಸಾಲಿನಲ್ಲಿ ಬರೆಯಿರಿ.

ಇತಿ,
ನಿಮ್ಮ ಓದುಗ