ಅವು ಗೋರಿಗಳಲ್ಲ, ಗದ್ದುಗೆಗಳು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪ್ರವಾಸ ಪುಟದಲ್ಲಿ ಬೆಂಗಳೂರಿನಿಂದ ಎರಡು ದಿನಕ್ಕೆ ಮಡಿಕೇರಿಗೆ ಹೋಗಿಬರುವ ಬಗೆಗೆ ಬರಹವಿತ್ತು. ರಾಜಾಸೀಟಿಗೆ, ಅಬ್ಬಿ ಜಲಪಾತಕ್ಕೆ ಧಾರಾಳವಾಗಿ ಜಾಗ ಕೊಟ್ಟು, ಕೊನೆಗೆ ‘ಸಮಯವಿದ್ದರೆ ರಾಜರ ಗೋರಿಗಳನ್ನೂ ನೋಡಬಹುದು’ ಎಂದು ಮುಗಿಸಿದ್ದರು. ಆ ಒಂದು ಸಾಲಿಗಾಗಿ ಈ ಪತ್ರ. ಮಡಿಕೇರಿಯ ಆಟೋದವರಿಗೆ ‘ಗದ್ದುಗೆ’ ಅಂದರೆ ಸಾಕು, ಮಹದೇವಪೇಟೆಯ ಕಡೆಗೆ ಗಾಡಿ ತಿರುಗಿಸುತ್ತಾರೆ. ಮೊಬೈಲ್ ನಕ್ಷೆಯಲ್ಲಿ ಮಾತ್ರ ಅದು ‘ರಾಜಾಸ್ ಟೂಂಬ್’. ನಾವೂ ಅದನ್ನೇ ಕನ್ನಡಕ್ಕೆ ಎಳೆದುಕೊಂಡು ಗೋರಿ ಅನ್ನುತ್ತಿದ್ದೇವೆ.

ನಮ್ಮದು ಲಿಂಗಾಯತ ಮನೆ. ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡಾಗ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನನ್ನ ಮೊಮ್ಮಗಳು ನಮ್ಮವರ ಮಣ್ಣು ಮಾಡುವುದನ್ನು ಮೊದಲ ಸಲ ನೋಡಿದಳು. ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವನನ್ನು ಕುಣಿಯೊಳಗೂ ಕೂತಂತೆಯೇ ಇಳಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಸುತ್ತ ವಿಭೂತಿ, ಬಿಲ್ವಪತ್ರೆ ತುಂಬಿದರು. ‘ಮುತ್ತಜ್ಜಿ ಯಾಕೆ ಕೂತಿದ್ದಾರೆ?’ ಅಂದಳು ಮಗು. ‘ಪೂಜೆಗೆ ಕೂತವರು ಹಾಗೇ ಉಳಿದುಬಿಟ್ಟಿದ್ದಾರೆ ಕಣಮ್ಮಾ’ ಅಂದಿದ್ದೆ.

ಈ ಜನವರಿಯಲ್ಲಿ ಅವಳನ್ನು ಮಡಿಕೇರಿಗೆ ಕರೆದುಕೊಂಡು ಹೋದೆ. ಕೊಡಗನ್ನಾಳಿದ ಹಾಲೇರಿ ಅರಸರೂ ವೀರಶೈವರು. ಗದ್ದುಗೆ ಎಂದರೆ ಕೂರುವ ಪೀಠ ಎಂದು ವಿವರಿಸಲು ಹೊರಟರೆ, ‘ಹಾಗಾದ್ರೆ ಇವರೂ ಮುತ್ತಜ್ಜಿ ಥರ ಕೂತಿದ್ದಾರಾ?’ ಎಂದು ಅವಳೇ ಕೇಳಿದಳು. ಗೋರಿ ಎಂಬ ಮಾತಿನಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ನಡುವಿನ ಕಟ್ಟಡದಲ್ಲಿ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿ ಒಂದೇ ಗುಮ್ಮಟದಡಿ ಇದ್ದಾರೆ. 1807ರಲ್ಲಿ ರಾಣಿ ಹೋದ ಮೇಲೆ ರಾಜ ಚೇತರಿಸಿಕೊಳ್ಳಲಿಲ್ಲ. 1809ರಲ್ಲಿ ಅವನೂ ತೀರಿಕೊಂಡ. ಬಲಕ್ಕೆ ತಮ್ಮ ಲಿಂಗರಾಜೇಂದ್ರನದು, ಮಗ ಚಿಕ್ಕವೀರರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ಎಡಕ್ಕೆ ರಾಜಗುರು ರುದ್ರಪ್ಪನವರದು, 1834ರದು.

ದೂರದಿಂದ ನೋಡಿ ನಮ್ಮ ಅಳಿಯ ದರ್ಗಾ ಅಂದುಕೊಂಡಿದ್ದರು. ತಪ್ಪೇನಿಲ್ಲ. ಚೌಕಾಕಾರದ ಕಟ್ಟಡ, ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಹತ್ತಿರ ಹೋಗಿ ತಲೆಯೆತ್ತಿದಾಗಲೇ ಮಾಳಿಗೆಯ ಮೂಲೆಗಳಲ್ಲಿ ಕೂತ ನಂದಿಗಳು ಕಾಣುವುದು. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ. ದೊಡ್ಡವೀರರಾಜೇಂದ್ರ ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದವನು, 1788ರಲ್ಲಿ ತಪ್ಪಿಸಿಕೊಂಡು ಬಂದು ಟಿಪ್ಪುವಿನ ಮೇಲೆಯೇ ಯುದ್ಧ ಮಾಡಿದವನು. ಅಂಥವನ ಗದ್ದುಗೆಯ ಮೇಲೆ, ಶ್ರೀರಂಗಪಟ್ಟಣದಲ್ಲಿ ಟಿಪ್ಪು ತನ್ನ ತಂದೆಗೆ ಕಟ್ಟಿಸಿದ ಗುಂಬಜ್ ನೆನಪಿಗೆ ಬರುವಂಥ ಗುಮ್ಮಟ ಎದ್ದಿದೆ. ಮಡಿಕೇರಿಯಲ್ಲೇ 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಾಲಯಕ್ಕೂ ಇದೇ ಗುಮ್ಮಟ, ಇದೇ ಮಿನಾರು. ಆ ಕಾಲದ ಕೊಡಗಿನ ಅರಸರ ಕಣ್ಣಿಗೆ ಶಿವನ ಮನೆಯೂ ಹೀಗೆಯೇ ಇರಬಹುದಿತ್ತು.

ಪಕ್ಕದಲ್ಲೇ ಟಿಪ್ಪುವಿನ ಸೈನ್ಯದೊಡನೆ ಕಾದಾಡಿ ಮಡಿದ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳಿವೆ. ಅವನ್ನು ನೋಡದೆ ಬರಬಾರದು.

ನಾವು ಹೋದ ದಿನ ಬೆಂಗಳೂರಿನಿಂದಲೇ ಬಂದಿದ್ದ ಒಂದು ಗುಂಪು ಚಪ್ಪಲಿ ಕಾಲಲ್ಲೇ ಜಗಲಿ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಿತ್ತು. ಒಳ್ಳೆಯ ಮಕ್ಕಳೇ. ಇಲ್ಲಿ ಕೂತವರಿದ್ದಾರೆ, ಇಷ್ಟಲಿಂಗ ಹಿಡಿದು ಕೂತಿದ್ದಾರೆ ಅಂದ ಕೂಡಲೇ ನಾಚಿಕೊಂಡು ಇಳಿದರು. ಒಬ್ಬ ಹುಡುಗಿ ಕೈಮುಗಿದಳು. ಹೇಳುವವರಿಲ್ಲದಿದ್ದರೆ ಅವರಿಗೆ ತಿಳಿಯುವುದು ಹೇಗೆ?

ತಂದೆಗೆ ಗದ್ದುಗೆ ಕಟ್ಟಿಸಿದ ಮಗನಿಗೆ ಅಲ್ಲಿ ಜಾಗ ಸಿಗಲಿಲ್ಲ ಎಂಬುದನ್ನೂ ನಿಮ್ಮ ಓದುಗರಿಗೆ ತಿಳಿಸಬೇಕು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದವನು 1859ರಲ್ಲಿ ಲಂಡನ್ನಿನಲ್ಲೇ ಸತ್ತ. ವಿಕ್ಟೋರಿಯಾ ರಾಣಿಯೇ ಮುಂದೆ ನಿಂತು ಕ್ರೈಸ್ತಳಾಗಿಸಿದ ಗೌರಮ್ಮ 1864ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡು ಅಲ್ಲಿನ ಬ್ರಾಂಪ್ಟನ್ ಸ್ಮಶಾನ ಸೇರಿದಳು. ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟಿತು. ಮೊಮ್ಮಗಳು ‘ಅವಳನ್ನು ಮಲಗಿಸಿಬಿಟ್ಟರಾ?’ ಅಂದಳು.

ಗೇಟಿನ ಬಳಿಯೇ, ಒಳಗೆ ಯಾರು ಕೂತಿದ್ದಾರೆ, ಏಕೆ ಕೂತಿದ್ದಾರೆ ಎಂದು ಹೇಳುವ ದೊಡ್ಡ ಅಕ್ಷರದ ಕನ್ನಡ ಫಲಕ ನಿಲ್ಲಿಸಲಿ ಎಂದು ಸಂಬಂಧಪಟ್ಟವರನ್ನು ಬೇಡಿಕೊಳ್ಳುತ್ತೇನೆ. ಚಪ್ಪಲಿ ಬಿಡುವ ಜಾಗವೂ ಅಲ್ಲೇ ಇರಲಿ. ನೀವು ಮುಂದಿನ ಸಲ ಮಡಿಕೇರಿಯ ಬಗ್ಗೆ ಬರೆಸುವಾಗ ‘ಗದ್ದುಗೆ’ ಎಂದೇ ಅಚ್ಚು ಹಾಕಿ, ದಯವಿಟ್ಟು.

– ನಿವೃತ್ತ ಕನ್ನಡ ಶಿಕ್ಷಕಿ,
ರಾಜಾಜಿನಗರ, ಬೆಂಗಳೂರು