‘ಪೇಟೆಂಟ್’ ಹೆಸರಲ್ಲಿ ದೇಣಿಗೆ: ಮೊದಲು ದಾಖಲೆ ಕೇಳಿ

ಮಾನ್ಯ ಸಂಪಾದಕರೇ,

ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ‘ಪೇಟೆಂಟ್ ಪಡೆದ ಫ್ಲೋರೈಡ್ ಫಿಲ್ಟರ್ ಅನ್ನು ಶಾಲೆಗೆ ಕೊಡಿಸುತ್ತೇವೆ’ ಎಂದು ಯಾರಾದರೂ ಪಟ್ಟಿ ಎತ್ತಲು ಬಂದರೆ, ಹಣ ಕೊಡುವ ಮೊದಲು ಪೇಟೆಂಟ್ ಸಂಖ್ಯೆ ಕೇಳಬೇಕು.

ಕರಪತ್ರದ ಸಂಖ್ಯೆ ಇಸವಿಯಿಂದ ಶುರುವಾಗಿ 12 ಅಂಕಿಗಳಿದ್ದರೆ ಅದು ಬರೀ ಅರ್ಜಿ ಸಂಖ್ಯೆ. ಐದನೆಯ ಅಂಕಿ 4 ಆಗಿದ್ದರೆ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಯದು. ಕರ್ನಾಟಕ ಅದರ ವ್ಯಾಪ್ತಿಗೇ ಬರುತ್ತದೆ. ಅರ್ಜಿ 18 ತಿಂಗಳಿಗೆ, ಹೆಚ್ಚುವರಿ ಶುಲ್ಕ ಕಟ್ಟಿದರೆ ಇನ್ನೂ ಬೇಗ, ಪೇಟೆಂಟ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಅಷ್ಟರಲ್ಲಿ ಅದರ ಪರಿಶೀಲನೆ ಮುಗಿದಿರಬೇಕೆಂದೇನಿಲ್ಲ. ಆ ಪುಟಕ್ಕೆ ಚೌಕಟ್ಟು ಹಾಕಿಸಿ ‘ಪೇಟೆಂಟ್ ಸರ್ಟಿಫಿಕೇಟ್’ ಎಂದು ತೋರಿಸುವುದು ಶುದ್ಧ ಮೋಸ. ‘ವಿಶ್ವ ಪೇಟೆಂಟ್’ ಎಂಬುದಂತೂ ಇಲ್ಲವೇ ಇಲ್ಲ. ಪೇಟೆಂಟ್ ಆಯಾ ದೇಶದ್ದು ಅಥವಾ ಪ್ರದೇಶದ್ದು.

ಪೇಟೆಂಟ್ ಕಚೇರಿಯ ‘ಐಪಿ ಇಂಡಿಯಾ’ ಜಾಲತಾಣದಲ್ಲಿ ಸಂಖ್ಯೆ ಹಾಕಿ ಉಚಿತವಾಗಿ ನೋಡಬಹುದು. ಮಂಜೂರಾಗಿದ್ದರೂ ಅಲ್ಲಿನ ಇ-ರಿಜಿಸ್ಟರ್ (ಮಂಜೂರಾದ ಪೇಟೆಂಟ್‌ಗಳ ಆನ್‌ಲೈನ್ ದಾಖಲೆ) ತೆರೆಯಿರಿ: ಮೂರನೆಯ ವರ್ಷದಿಂದ ಕಟ್ಟಬೇಕಾದ ನವೀಕರಣ ಶುಲ್ಕ ನಿಂತಿದ್ದರೆ ಹಕ್ಕು ಬಿದ್ದುಹೋಗಿರುತ್ತದೆ. ಹಕ್ಕು ಇಡೀ ಯಂತ್ರಕ್ಕೋ, ಒಂದು ವಾಲ್ವಿಗೋ ಎಂಬುದನ್ನೂ ಓದಿಕೊಳ್ಳಬೇಕು.

ಇಷ್ಟೆಲ್ಲ ಸರಿಯಿದ್ದರೂ ನೀರು ಶುದ್ಧವಾಗುತ್ತದೆ ಎಂದಾಗಲಿಲ್ಲ. ಪೇಟೆಂಟ್ ಕಚೇರಿ ಹೊಸತನವನ್ನು ತೂಗುತ್ತದೆ, ನಮ್ಮೂರ ನೀರನ್ನು ಪರೀಕ್ಷಿಸುವುದಿಲ್ಲ. ಫ್ಲೋರೈಡ್ ತೆಗೆಯಲು ಹೆಚ್ಚಾಗಿ ಬಳಸುವ ಆ್ಯಕ್ಟಿವೇಟೆಡ್ ಅಲ್ಯುಮಿನಾ ಹರಳುಗಳನ್ನೇ ನೋಡಿ. ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) 5.5–6ರ ಸುತ್ತ ಇದ್ದಾಗ ಅವು ಚೆನ್ನಾಗಿ ಹೀರುತ್ತವೆ. ಫ್ಲೋರೈಡ್ ಹೆಚ್ಚಿರುವ ನೀರು ಸಾಮಾನ್ಯವಾಗಿ ಕ್ಷಾರೀಯ, ಪಿಎಚ್ 7ಕ್ಕಿಂತ ಮೇಲೆ. ಹಾಗಾಗಿ ಹೀರುವ ಶಕ್ತಿ ಇಳಿದು, ಹೇಳಿದ್ದಕ್ಕಿಂತ ಬೇಗ ಹರಳು ತುಂಬಿಹೋಗುತ್ತದೆ. ಆಗ ಕಾಸ್ಟಿಕ್ ಸೋಡಾ ದ್ರಾವಣದಿಂದ ತೊಳೆದು, ಆಮ್ಲದಿಂದ ಸರಿದೂಗಿಸಬೇಕು. ಇದನ್ನು ಮಾಡದಿದ್ದರೆ ನಲ್ಲಿಯಲ್ಲಿ ಬರುವ ನೀರು ತಿಳಿಯಾಗಿಯೇ ಇರುತ್ತದೆ, ರುಚಿಯೂ ಬದಲಾಗದು, ಫ್ಲೋರೈಡ್ ಮಾತ್ರ ಹಾಗೇ ಮಕ್ಕಳ ಹೊಟ್ಟೆಗೆ ಹೋಗುತ್ತದೆ. ತೊಳೆದ ನೀರನ್ನು ಚರಂಡಿಗೆ ಬಿಟ್ಟರೆ ಹಿಡಿದಿಟ್ಟ ಫ್ಲೋರೈಡ್ ಮತ್ತೆ ನೆಲಕ್ಕೇ.

ಮಾರಿದ ವಸ್ತುವಿಗೆ ಸುಳ್ಳೇ ಪೇಟೆಂಟ್ ಇದೆ ಎನ್ನುವುದು, ಅರ್ಜಿ ಹಾಕದೆಯೇ ‘ಅರ್ಜಿ ಹಾಕಿದೆ’ ಎನ್ನುವುದು ಎರಡೂ ಪೇಟೆಂಟ್ ಕಾಯ್ದೆಯ 120ನೇ ಕಲಮಿನಡಿ ತಪ್ಪು. 2023ರ ಜನ ವಿಶ್ವಾಸ ಕಾಯ್ದೆಯ ತಿದ್ದುಪಡಿಯ ನಂತರ ದಂಡ 10 ಲಕ್ಷ ರೂಪಾಯಿವರೆಗೆ. ಮುಂದುವರಿಸಿದರೆ ದಿನಕ್ಕೆ 1,000 ರೂಪಾಯಿ ಬೇರೆ. ಯಂತ್ರ ಮಾರಿದವರ ಮಾತು ನಂಬಿ ಅದನ್ನೇ ಕರಪತ್ರದಲ್ಲಿ ಅಚ್ಚು ಹಾಕಿಸುವ ಸೇವಾಸಂಸ್ಥೆಗಳು ಇದನ್ನು ತಿಳಿದಿರಬೇಕು. ಯಂತ್ರ ಮೂಲೆ ಸೇರಿದ ಊರಿನಲ್ಲಿ ಮರುವರ್ಷ ಪ್ರಾಮಾಣಿಕರು ಹೋದರೂ ವಂತಿಗೆ ಹುಟ್ಟುವುದಿಲ್ಲ. ಯಾರೋ ಆಡಿದ ಸುಳ್ಳಿಗೆ ಅವರು ತಲೆ ಕೊಡಬೇಕಾಗುತ್ತದೆ.

ಆದ್ದರಿಂದ ದೇಣಿಗೆಯ ಯಂತ್ರ ಸ್ವೀಕರಿಸುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಮತ್ತು ಗ್ರಾಮ ಪಂಚಾಯಿತಿಗಳು ಇ-ರಿಜಿಸ್ಟರ್ ಪ್ರತಿ, ಅದೇ ಕೊಳವೆಬಾವಿ ನೀರಿನ ಶುದ್ಧೀಕರಣಕ್ಕೆ ಮೊದಲಿನ ಮತ್ತು ನಂತರದ ಪರೀಕ್ಷಾ ವರದಿ, ಹರಳು ತೊಳೆಯುವವರು ಯಾರು, ಅದರ ಖರ್ಚು ಯಾರದು ಎಂಬ ಬರಹದ ಒಪ್ಪಂದ ಇವಿಷ್ಟನ್ನೂ ಕಡತಕ್ಕೆ ಸೇರಿಸದೆ ಒಪ್ಪಿಗೆ ಕೊಡಬಾರದು.

– ಕುಡಿಯುವ ನೀರಿನ ಕೆಲಸದಲ್ಲಿರುವ ಕೆಲವು ಓದುಗರು, ಕುಷ್ಟಗಿ, ಕೊಪ್ಪಳ ಜಿಲ್ಲೆ